ಜಗಳದ ಕೋಣೆಯ ಗಾಜುಪಾಚಿ

ಬೇರೆ ಊರುಗಳಲ್ಲಿ ಗಾಜುಪಾಚಿ ಬೆಳೆಯುವುದಕ್ಕೆ ಬೆಳಕು, ಉಪ್ಪು, ಗೊಬ್ಬರ, ಹದವಾದ ತಂಪು ಇದ್ದರೆ ಸಾಕಂತೆ. ನಮ್ಮೂರಿನಲ್ಲಿ ಅದಕ್ಕೆ ಮಾತೂ ಬೇಕು. ಜಾಡಿಯ ಮುಂದೆ ಕೂತು ಮುದ್ದಿನ ಮಾತಾಡಿದರೆ ಪಾಚಿ ಹಿಗ್ಗಿ ಒಂದಕ್ಕೆರಡಾಗುತ್ತದೆ. ಜಗಳ ಆಡಿದರೆ ಬೆಳೆಯುವುದನ್ನು ನಿಲ್ಲಿಸಿ ಮೈಯೊಳಗೆ ಎಣ್ಣೆ ಕೂಡಿಸಿಕೊಳ್ಳುತ್ತದೆ. ಎಣ್ಣೆ ಕೂಡಿದ ಜಾಡಿಯನ್ನು ಬೆಳಕಿಗೆ ಹಿಡಿದರೆ ಕಾಯಿಸಿದ ತುಪ್ಪದ ಬಣ್ಣ. ಅದಕ್ಕೇ ನಮ್ಮ ಕಡೆ ‘ಪಾಚಿ ತುಪ್ಪ ಕಟ್ಟಿತು’ ಅನ್ನುತ್ತಾರೆ. ಓದಿದವರು ಇದನ್ನು ಡಯಾಟಮ್ ಅನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೂ ಒಂದೊಂದಕ್ಕೂ ಗಾಜಿನ ಚಿಪ್ಪು. ಸೂಕ್ಷ್ಮದರ್ಶಕದಲ್ಲಿ ನಾನೂ ಬಗ್ಗಿ ನೋಡಿದ್ದೇನೆ. ಬಳೆಗಾರನ ಬುಟ್ಟಿ ಮಗುಚಿಬಿದ್ದ ಹಾಗಿತ್ತು.

ನನ್ನ ಹೆಸರು ನಂಜಮಣಿ. ಊರಾಚೆ ಉಪ್ಪುನೀರಿನ ಕೆರೆ ದಂಡೆಯಲ್ಲಿ ಪಾಚಿಮನೆ ಅಂತ ಒಂದು ಪ್ರಯೋಗಶಾಲೆ ಇದೆ. ಅಲ್ಲಿ ನನಗೆ ಜಗಳ ಆಡುವ ಕೆಲಸ. ನಗುವವರು ನಕ್ಕುಬಿಡಿ, ನಾನು ಕಾಯುತ್ತೇನೆ. ಒಬ್ಬಳೇ ಜಗಳ ಆಡೋದಕ್ಕಾಗುತ್ತದೆಯೇ, ನನ್ನ ಗಂಡನಿಗೂ ಅಲ್ಲೇ ಕೆಲಸ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅಂತ ನಮ್ಮತ್ತೆ ಕಲಿಸಿದ್ದರು. ಕಥೆಗೋಸ್ಕರ ಒಂದೇ ಒಂದು ಸಲ ಹೇಳಿಬಿಡುತ್ತೇನೆ: ಗುರುಮಲ್ಲಪ್ಪ. ಇನ್ನು ಮುಂದೆ ನಮ್ಮನೆಯವರು ಅಂದರೆ ಅವರೇ ಅಂತ ತಿಳಿದುಕೊಳ್ಳಿ.

ಪಾಚಿಮನೆಯಲ್ಲಿ ಎರಡು ಕೋಣೆ. ಒಂದು ಮುದ್ದಿನ ಕೋಣೆ. ಅಲ್ಲಿಗೆ ಎಳೇ ಕೂಸುಗಳನ್ನು ಎತ್ತಿಕೊಂಡು ತಾಯಂದಿರು ಬರುತ್ತಾರೆ, ಹೊಸದಾಗಿ ಮದುವೆಯಾದವರು ಬರುತ್ತಾರೆ. ಮಾದಣ್ಣ ಅನ್ನುವ ಮುದುಕರೊಬ್ಬರು ತಮ್ಮ ಎಮ್ಮೆಯನ್ನು ಕಿಟಕಿ ಹೊರಗೆ ಕಟ್ಟಿ, ಒಳಗೆ ಕೂತು ಅದನ್ನು ‘ನನ್ನವ್ವ, ನನ್ನ ರಾಣಿ’ ಅಂತ ಕೊಂಡಾಡುತ್ತಾರೆ. ಅವರ ಜಾಡಿಗಳು ಬೆಳೆದ ಹಾಗೆ ಯಾರದ್ದೂ ಬೆಳೆಯುವುದಿಲ್ಲ. ಬೆಳೆದು ಮಂದವಾದ ಜಾಡಿಗಳು ಆಮೇಲೆ ನಮ್ಮ ಜಗಳದ ಕೋಣೆಗೆ ಬರುತ್ತವೆ. ನಾವಿಬ್ಬರೂ ಎದುರುಬದುರು ಕೂತು ಶುರು ಹಚ್ಚಿಕೊಂಡರೆ ಸಂಜೆ ಹೊತ್ತಿಗೆ ಸಾಲಾಗಿ ತುಪ್ಪದ ಬಣ್ಣ.

ಜಗಳಕ್ಕೂ ಕಟ್ಟಳೆ ಇದೆ. ಹೆತ್ತವರನ್ನು ಮಧ್ಯೆ ಎಳೆಯಬಾರದು. ಕೈ ಎತ್ತಬಾರದು. ಮುಗಿದ ಮೇಲೆ ಒಂದೇ ಚೊಂಬಿನ ಮಜ್ಜಿಗೆಯನ್ನು ಇಬ್ಬರೂ ಕುಡಿದೇ ಆಚೆ ಬರಬೇಕು. ಮತ್ತೆ ಸುಳ್ಳು ಜಗಳ ನಡೆಯುವುದಿಲ್ಲ. ಹಿಂದೊಮ್ಮೆ ನಾಟಕದ ಕಂಪನಿಯವರನ್ನು ಕರೆಸಿದ್ದರು. ಆ ಭೀಮ ದುರ್ಯೋಧನರು ಗದೆ ಬೀಸಿ ಕಿರುಚಿದ್ದೇನು, ತೊಡೆ ತಟ್ಟಿದ್ದೇನು! ಪಾಚಿ ಮಿಸುಕಲಿಲ್ಲ. ನಮ್ಮದು ಹಾಗಲ್ಲ, ಅಪ್ಪಟ ಜಗಳ. ಉಪ್ಪಿನಕಾಯಿ ಭರಣಿಯ ಮುಚ್ಚಳ ಅವರು ಸರಿಯಾಗಿ ಮುಚ್ಚುವುದಿಲ್ಲ. ನಾನು ಅವರ ಕಥೆಯ ಕೊನೆಯನ್ನು ಮೊದಲೇ ಹೇಳಿಬಿಡುತ್ತೇನಂತೆ. ಎಲ್ಲಕ್ಕಿಂತ ದೊಡ್ಡದು ಒದ್ದೆ ಟವೆಲ್. ಬಾಗಿಲ ಹಿಂದೆ ಬದನೆಕಾಯಿ ಗಾತ್ರದ ಗೂಟ ಇದೆ. ಸ್ನಾನ ಮಾಡಿ ಬಂದವರು ಅಲ್ಲಿ ಹಾಕಬಹುದು ತಾನೆ? ಊಹೂಂ, ಮಂಚದ ಮೇಲೇ ಒಗೆಯಬೇಕು. ಮದುವೆಯಾದ ಮಾರನೇ ಬೆಳಗ್ಗೆ ಶುರುವಾದ ಆ ಜಗಳಕ್ಕೆ ಎಷ್ಟು ಜಾಡಿ ತುಪ್ಪ ಕಟ್ಟಿದೆಯೋ ಶಿವನೇ ಬಲ್ಲ. ಪಾಚಿಮನೆ ನಡೆಸುವ ಮಂದಾಕಿನಿ ಮೇಡಂ ಒಂದು ಸಲ ನನ್ನ ಕೈ ಹಿಡಿದುಕೊಂಡು, “ನಂಜಕ್ಕ, ಆ ಟವೆಲ್ ಒಂದು ಗೂಟಕ್ಕೆ ಹೋದ್ರೆ ನಾವು ಬಾಗಿಲು ಹಾಕ್ಬೇಕಾಗುತ್ತೆ” ಅಂದಿದ್ದರು.

ಹೀಗಿರುವಾಗ ನಮ್ಮನೆಯವರ ಕಣ್ಣು ಮಂಜಾಗತೊಡಗಿತು. ಮೊದಲು ಕಾಫಿಯನ್ನು ಲೋಟದ ಪಕ್ಕಕ್ಕೆ ಬಗ್ಗಿಸಿದರು. ನಾನು ಎಂದಿನ ಹಾಗೆ ಬೈದೆ. ಆಮೇಲೊಂದು ದಿನ ಬೀದಿಯಲ್ಲಿ ನನ್ನ ಎದುರಿಗೇ ಬಂದು, ಯಾರೋ ಅಂದುಕೊಂಡು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆಸ್ಪತ್ರೆಗೆ ತೋರಿಸೋಣ ಅಂತ ಗೋಗರೆದು ಗೋಗರೆದು ಕೊನೆಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: “ಪಾಚಿ ತುಪ್ಪದಿಂದ ತೆಗೆದ ಹನಿ ಬಿಡ್ಬೇಕು. ಉಳಿದಿರೋ ದೃಷ್ಟಿ ಉಳಿಯುತ್ತೆ, ಹೋಗಿರೋದ್ರಲ್ಲಿ ಸ್ವಲ್ಪ ವಾಪಸ್ ಬಂದ್ರೂ ಬರಬಹುದು. ಆದ್ರೆ ಹನಿ ತಾಜಾ ಇರ್ಬೇಕು, ಚಳಿಗಾಲ ಬರೋಕೆ ಮುಂಚೆ ಶುರು ಮಾಡ್ಬೇಕು. ತಡ ಆದ್ರೆ ನನ್ನ ಕೈಲಿ ಏನೂ ಇಲ್ಲ.” ನಮ್ಮನೆಯವರು ಹೋ ಅಂತ ನಕ್ಕರು. “ಇಷ್ಟೇನಾ! ನಮ್ಮ ಮನೇಲಿ ಅದಕ್ಕೇನು ಬರ? ನಾಳೆ ಬೆಳಿಗ್ಗೆ ಇವಳು ಬಾಯಿ ತೆಗೆದ್ರೆ ಬಕೆಟ್ ಬಕೆಟ್ ತುಪ್ಪ” ಅಂದರು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಅವರ ಕೈ ಬಿಡಲಿಲ್ಲ.

ಮರುದಿನ ಸ್ನಾನ ಮಾಡಿ ಬಂದರು, ಟವೆಲನ್ನು ಮಂಚದ ಮೇಲೆ ಒಗೆದರು. ನಾನು ಬಾಯಿ ತೆಗೆದೆ. ಅವರು ಗೋಡೆ ಸವರಿಕೊಂಡು ಬನಿಯನ್ ಹುಡುಕುತ್ತಿದ್ದರು. ಗೋಡೆಯ ಮೇಲೆ ಬೆರಳು ಒಂದೊಂದಾಗಿ ಹೆಜ್ಜೆ ಹಾಕುತ್ತಿತ್ತು. ಈ ಮನುಷ್ಯನಿಗೆ ಗೂಟ ಎಲ್ಲಿ ಕಾಣಬೇಕು! ನಾನು ಸದ್ದಿಲ್ಲದೆ ಟವೆಲ್ ತೆಗೆದು ಗೂಟಕ್ಕೆ ಹಾಕಿದೆ. ಅಷ್ಟೇ ನೋಡಿ, ಅವತ್ತಿಗೆ ನನ್ನ ಜಗಳ ಬತ್ತಿಹೋಯಿತು.

ಪಾಚಿಮನೆಗೆ ಹೋಗಿ ಎದುರುಬದುರು ಕೂತೆವು. “ರೀ, ಟವೆಲ್ಲು...” ಅಂತ ಶುರು ಮಾಡಿದೆ. ಬಾಯಿಂದ ಬಂದದ್ದು, “...ಅಲ್ಲೇ ಇರ್ಲಿ ಬಿಡಿ, ನಾನು ತಗೋತೀನಿ.” ಅವರು ಹುಬ್ಬು ಗಂಟು ಹಾಕಿ, “ಮುಚ್ಚಳ?” ಅಂದರು. “ಮುಚ್ಚಳದ್ದೇನು ಮಹಾ, ಹೋಗ್ಲಿ” ಅಂದೆ. ಗಾಜಿನ ಗೋಡೆಯ ಆಚೆ ನಿಂತಿದ್ದ ಮೇಡಂ ಹಣೆ ಚಚ್ಚಿಕೊಂಡರು. ನಮ್ಮ ಕೋಣೆಯ ಜಾಡಿಗಳಲ್ಲಿ ಪಾಚಿ ಬೆಳೆಯಿತು ನೋಡಿ, ಹಾಗೆ ಮುದ್ದಿನ ಕೋಣೆಯಲ್ಲೂ ಬೆಳೆದಿರಲಿಲ್ಲ! ರಾಗಿ ಅಂಬಲಿಯ ಹಾಗೆ ಮಂದವಾಗಿ ಮುಚ್ಚಳ ಎತ್ತಿಕೊಂಡು ಉಕ್ಕಿತು. ತುಪ್ಪ ಮಾತ್ರ ಒಂದು ತೊಟ್ಟಿಲ್ಲ. ಮಾದಣ್ಣ ಬಂದು ನೋಡಿ, ತಮ್ಮ ಎಮ್ಮೆಗೆ ಅವಮಾನವಾಯಿತು ಅನ್ನುವಂತೆ ಮುಖ ಮಾಡಿಕೊಂಡು ಹೋದರು.

ಮೇಡಂ ಸುಮ್ಮನೆ ಕೂರುವವರಲ್ಲ. ಬೇರೆ ಊರುಗಳ ಉಪಾಯವನ್ನೆಲ್ಲ ಒಂದೊಂದಾಗಿ ಮಾಡಿದರು. ದೀಪ ಜಾಸ್ತಿ ಮಾಡಿದರು, ಕಮ್ಮಿ ಮಾಡಿದರು. ಉಪ್ಪು ಹೆಚ್ಚಿಸಿದರು. ಗೊಬ್ಬರ ನಿಲ್ಲಿಸಿದರು. ಚಿಪ್ಪು ಕಟ್ಟಿಕೊಳ್ಳುವುದಕ್ಕೆ ಕೊಡುತ್ತಿದ್ದ ಮರಳಿನ ಸತ್ವವನ್ನೂ ತಡೆದು ನೋಡಿದರು. “ಹೊಟ್ಟೆ ತುಂಬಿದ್ರೆ ಇವು ಮರಿ ಹಾಕ್ಕೊಂಡು ಕೂತಿರ್ತವೆ ನಂಜಕ್ಕ. ಏನೋ ಒಂದು ಕೊರತೆ ಆದ್ರೇನೇ ನಾಳೆಗೆ ಅಂತ ಎಣ್ಣೆ ಕೂಡಿಡೋದು. ಆದ್ರೆ ಕಷ್ಟ ಜಾಸ್ತಿ ಆದ್ರೆ ಸತ್ತೇ ಹೋಗ್ತವೆ. ಹದ ಸಿಗ್ತಿಲ್ಲ” ಅಂದರು. ನಮ್ಮೂರ ಪಾಚಿ ಬೆಳಕಿಗೂ ಉಪ್ಪಿಗೂ ಬಗ್ಗುವ ಜಾತಿಯಲ್ಲ. ನೀರಿನ ಮೇಲೆ ಸಾರಿನ ಜಿಡ್ಡಿನಷ್ಟು ಎಣ್ಣೆ ತೇಲಿಸಿ ಸುಮ್ಮನಾಯಿತು.

ಆಮೇಲೆ ಬೇರೆ ಜಗಳಗಂಟರನ್ನು ಹುಡುಕಿದರು. ಒಂದು ಅಡಿ ಓಣಿಗೋಸ್ಕರ ಮುಖ ನೋಡದೆ ಬಾಳುತ್ತಿದ್ದ ಅಣ್ಣತಮ್ಮಂದಿರನ್ನು ಕರೆತಂದು ಕೂರಿಸಿದರು. ಅಯ್ಯೋ, ಆ ಕೋಣೆಯ ಗಾಳಿಯೇ ಕಹಿಯಾಯಿತು. ಮಜ್ಜಿಗೆ ಚೊಂಬನ್ನು ಇಬ್ಬರೂ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪಾಚಿಯೆಲ್ಲ ಸತ್ತು ಬೆಳ್ಳಗೆ ಸುಣ್ಣದ ಹಾಗೆ ತಳ ಸೇರಿತ್ತು. ಹೊಸದಾಗಿ ಮದುವೆಯಾದ ಜೋಡಿಯನ್ನು ಕೂರಿಸಿದರೆ, ಹುಡುಗಿ ಎರಡನೇ ಮಾತಿಗೇ ಅತ್ತಳು, ಹುಡುಗ ಸಮಾಧಾನ ಮಾಡಿದ, ಪಾಚಿ ಮತ್ತೆ ಬೆಳೆಯಿತು. ಇತ್ತ ಬೆಳಗಿನ ಗಾಳಿಯಲ್ಲಿ ಚಳಿ ಹತ್ತತೊಡಗಿತ್ತು. ನಮ್ಮನೆಯವರಿಗೆ ಈಗ ನನ್ನ ಸೀರೆಯ ಬಣ್ಣ ತಿಳಿಯುತ್ತಿರಲಿಲ್ಲ. “ಹಸಿರಾ?” ಅನ್ನುತ್ತಿದ್ದರು. ಯಾವ ಬಣ್ಣದ್ದು ಉಟ್ಟಿದ್ದರೂ ನಾನು “ಹೂಂ, ಹಸಿರೇ” ಅನ್ನುತ್ತಿದ್ದೆ.

ಪಾಪ, ಅವರೂ ತಮ್ಮ ಕೈಲಾದ ಪ್ರಯತ್ನ ಮಾಡಿದರು. ಒಂದು ದಿನ ಊಟಕ್ಕೆ ಕೂತು, “ಇದು ಹುಳಿಯೋ ಪಾತ್ರೆ ತೊಳೆದ ನೀರೋ?” ಅಂದರು. ನಾನು, “ಉಪ್ಪು ಕಮ್ಮಿ ಆಯ್ತೇನೋ, ತಡೀರಿ” ಅಂತ ಉಪ್ಪು ತಂದೆ. “ನಿನ್ನ ತಮ್ಮನಂಥ ಶುದ್ಧ ಸೋಮಾರಿ ಈ ಭೂಮಿ ಮೇಲಿಲ್ಲ” ಅಂದರು. ಬೇರೆ ದಿನವಾಗಿದ್ದರೆ ಅಷ್ಟಕ್ಕೇ ನಾಲ್ಕು ಜಾಡಿ ತುಪ್ಪ ಕಟ್ಟುತ್ತಿತ್ತು. ನನಗೆ ಅಳು ಬಂತು, ತಮ್ಮನಿಗೋಸ್ಕರ ಅಲ್ಲ, ಅಷ್ಟು ಕಷ್ಟಪಟ್ಟು ಬೈಗುಳ ಹುಡುಕುತ್ತಿದ್ದಾರಲ್ಲ ಅಂತ. ಸೆರಗಿನಿಂದ ಮೂಗು ಒರೆಸಿಕೊಂಡ ಸದ್ದು ಕೇಳಿ ಅವರು ತಟ್ಟೆಯ ಮುಂದೆ ಪೆಚ್ಚಾಗಿ ಕೂತರು. ಕಣ್ಣು ಹೋಗುತ್ತಿರುವುದು ನನ್ನಿಂದ ಅಂತ ನನಗೆ ಗೊತ್ತಿತ್ತು. ಒಂದು ಬೈಗುಳ, ಮನಸಾರೆ ಒಂದೇ ಒಂದು ಬೈಗುಳ ಬೇಕಿತ್ತು, ಅದು ನನ್ನ ಹತ್ತಿರ ಇರಲಿಲ್ಲ. ದೇವರ ಮುಂದೆ ದೀಪ ಹಚ್ಚಿ ‘ನನಗೆ ಸಿಟ್ಟು ಕೊಡಪ್ಪಾ’ ಅಂತ ಬೇಡಿಕೊಂಡ ಹೆಂಗಸು ನಾನೊಬ್ಬಳೇ ಇರಬೇಕು.

ಕೊನೆಗೆ ಮೇಡಂ, “ಚೌಕಾಬಾರ ಆಡಿ. ಆಟದಲ್ಲಿ ಜಗಳ ಆಡ್ದೆ ಇರೋ ಗಂಡಹೆಂಡ್ತೀನ ನಾನು ಕಂಡಿಲ್ಲ” ಅಂದರು. ಹೌದೇ ಹೌದು, ಚೌಕಾಬಾರ ಅಂದರೆ ನಮ್ಮನೆಯವರಿಗೆ ಪ್ರಾಣ. ಜಗಳದ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆವು. ಅವರಿಗೆ ಬಳೆಚೂರು, ನನಗೆ ಹುಣಸೆಬೀಜ, ನಾಲ್ಕು ಕವಡೆ. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಕವಡೆ ಹೇಗೆ ಬಿದ್ದಿದೆ ಅಂತ ಅವರಿಗೆ ಕಾಣುತ್ತಿರಲಿಲ್ಲ. ನಾನೇ ನೋಡಿ ಹೇಳಬೇಕಿತ್ತು, ಅವರ ಕಾಯನ್ನೂ ನಾನೇ ನಡೆಸಬೇಕಿತ್ತು.

ಮೊದಲನೇ ಎಸೆತಕ್ಕೆ ಅವರಿಗೆ ಒಂದೇ ಒಂದು ಬಿತ್ತು. ಮುಖ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿಕೊಂಡು, “ಎಷ್ಟು?” ಅಂತ ಕೇಳಿದರು. ಆ ಮುಖ ನೋಡಿಕೊಂಡು ಒಂದು ಅನ್ನುವುದಕ್ಕೆ ನನಗೆ ನಾಲಿಗೆ ಬರಲಿಲ್ಲ. “ಚೌಕ!” ಅಂದೆ. ಮುಖ ಅರಳಿತು. ಆಮೇಲೆ ಹೇಳುವುದೇನಿದೆ, ಅವರಿಗೆ ಬಿದ್ದದ್ದೆಲ್ಲ ಚೌಕ, ಬಾರ. ನನಗೆ ಬಾರ ಬಿದ್ದರೂ ಎರಡು. ಅವರ ಕಾಯಿಗಳು ಸಾಲಾಗಿ ನಡುಮನೆ ಸೇರಿ ಹಣ್ಣಾದವು. ದಿನಾ ಗೆದ್ದು, ದಿನಾ ಮೀಸೆ ತಿರುವಿಕೊಂಡು ಮಜ್ಜಿಗೆ ಕುಡಿದು, ಸಿಕ್ಕಸಿಕ್ಕವರಿಗೆಲ್ಲ, “ಕಣ್ಣಿಲ್ದೆ ಹೋದ್ರೂ ಕೈ ಪಳಗಿದೆ ನೋಡಿ” ಅಂತ ಹೇಳಿಕೊಂಡರು. ಮೇಡಂಗೆ ಗಾಜಿನ ಆಚೆಯಿಂದ ಕವಡೆ ಕಾಣುತ್ತಿತ್ತೋ ಇಲ್ಲವೋ, ಜಾಡಿಗಳು ಮಾತ್ರ ಉಕ್ಕಿ ಉಕ್ಕಿ ನೆಲ ಎಲ್ಲ ಪಾಚಿ.

ಅವತ್ತು ಮೋಡ ಮುಚ್ಚಿಕೊಂಡು ಚಳಿಯಾಗಿತ್ತು. ಡಾಕ್ಟರು ಹೇಳಿದ ಗಡುವು ಇನ್ನೇನು ಮುಗಿಯುವುದರಲ್ಲಿತ್ತು. ನಮ್ಮನೆಯವರು ಕವಡೆ ಎಸೆದರು. ಮೂರು ಬಿತ್ತು. ನಾನು ಎಂದಿನ ಹಾಗೆ, “ಬಾರ!” ಅಂತ ಕೂಗಿ ಬಳೆಚೂರಿಗೆ ಕೈ ಹಾಕಿದೆ. ಅವರ ಅಂಗೈ ಆಗಲೇ ಕವಡೆಗಳ ಮೇಲಿತ್ತು. ಹೆಬ್ಬೆರಳು ಒಂದರ ಮೇಲೆ ಹೋಯಿತು, ಬಾಯಿಯ ಸೀಳನ್ನು ಸವರಿತು. ಇನ್ನೊಂದರ ಮೇಲೆ. ಇನ್ನೊಂದರ ಮೇಲೆ.

“ಮೂರು” ಅಂದರು.

ನಾನು ಬಳೆಚೂರಿನಿಂದ ಕೈ ತೆಗೆದೆ.

“ನಂಜಮಣೀ, ಇದು ಮೂರು ಕಣೇ. ಇಷ್ಟು ದಿನ ಗೆದ್ದೆನಲ್ಲ, ಅದೆಲ್ಲ ಏನು?”

“ಏನೋ ರೀ... ನೀವು ಖುಷಿಯಾಗಿರ್ಬೇಕು ಅಂತ...”

“ಕಳ್ಳಿ!” ಅಂತ ಕೂಗಿದರು. ನಿಜವಾದ ಕೂಗು ಅದು. ಕಿಟಕಿ ಹೊರಗಿದ್ದ ಮಾದಣ್ಣನ ಎಮ್ಮೆ ಬೆಚ್ಚಿ ಎದ್ದು ನಿಂತಿತು. “ನನ್ನ ಆಟದಲ್ಲಿ ನನಗೇ ಮೋಸ ಮಾಡ್ತೀಯಾ? ಊರೆಲ್ಲ ಜಂಬ ಕೊಚ್ಕೊಂಡು ಬಂದೆನಲ್ಲೇ! ನನ್ನ ಕಣ್ಣು ಹೋಗ್ತಿದೆ, ಒಪ್ಕೊಂಡೆ. ಆಟಾನೂ ಕಿತ್ಕೊಂಡ್ಯಲ್ಲ! ಸೋತ್ರೆ ನಾನು ಸೋಲ್ತೀನಿ, ನಿನಗೇನು ಕಷ್ಟ? ಕೂಸಿಗೆ ಬೆಲ್ಲ ಕೊಟ್ಟ ಹಾಗೆ ಬಾರ ಕೊಡ್ತಾಳಂತೆ ಬಾರ! ಯಾರೇ ಕೇಳಿದ್ದು ನಿನ್ನ?”

ನಾನು, “ತಪ್ಪಾಯ್ತು ಬಿಡಿ” ಅಂದೆ.

“ಬಿಡಿ ಬಿಡಿ ಬಿಡಿ! ಟವೆಲ್ ಬಿಡಿ, ಮುಚ್ಚಳ ಬಿಡಿ, ಎಲ್ಲಾ ಬಿಡಿ. ನಾನೇನು ಸತ್ತುಹೋಗಿದೀನಾ? ಹೆಣದ ಮುಂದೆ ಮಾತಾಡೋ ಹಾಗೆ ಮಾತಾಡ್ತೀಯಲ್ಲ ನನ್ನ ಹತ್ರ! ನೀನು ಬೈಯೋದು ನಿಲ್ಸಿದ ದಿನಾನೇ ಕಣೇ ನನಗೆ ಕತ್ತಲೆ ಆಗಿದ್ದು. ಅದಕ್ಕೆ ಮುಂಚೆ ಬರೀ ಮಂಜು!”

ನನಗೆ ಎಲ್ಲಿತ್ತೋ ಆ ಸಿಟ್ಟು! ಹೊಟ್ಟೆಯ ತಳದಿಂದ ಎದ್ದುಬಂತು. ಅಷ್ಟು ದಿನ ಅವರ ಹಿಂದೆ ಹಿಂದೆ ಓಡಾಡಿ ಹೊಸ್ತಿಲು ತೋರಿಸಿದ್ದು, ಬಾವಿಕಟ್ಟೆಯ ಹತ್ತಿರ ಹೋದರೆ ಜೀವ ಕೈಯಲ್ಲಿ ಹಿಡಿದುಕೊಂಡದ್ದು, ಎಲ್ಲ ಒಟ್ಟಿಗೇ ಬಾಯಿಗೆ ಬಂತು.

“ಮತ್ತೇನ್ ಮಾಡ್ಬೇಕಿತ್ತು ನಾನು? ಹೇಳಿ! ಗೋಡೆ ಸವರ್ಕೊಂಡು ಬರೋ ಮನುಷ್ಯನ್ನ ನಿಲ್ಲಿಸ್ಕೊಂಡು ಟವೆಲ್ಲಿಗೆ ಬೈಯ್ಲಾ? ಕುರುಡ ಅಂತ ಕರೀಲಾ?”

“ಕರಿ! ಕುರುಡಾಗ್ತಿದೀನಿ, ಕುರುಡ ಅನ್ನು! ಆ ಪದಕ್ಕೆ ಹೆದ್ರಿಕೊಂಡು ಮನೆಯೆಲ್ಲ ಬೆಕ್ಕಿನ ಹಾಗೆ ಓಡಾಡ್ತೀಯಲ್ಲ!”

“ಕುರುಡ!” ಅಂತ ಕಿರುಚಿದೆ. “ಹೂಂ, ಕುರುಡ! ಹಠಮಾರಿ ಕುರುಡ! ಡಾಕ್ಟ್ರ ಹತ್ರ ಬನ್ನಿ ಅಂತ ಗೋಗರೆದಾಗ ‘ಧೂಳು ಬಿದ್ದಿದೆ ಅಷ್ಟೇ’ ಅಂದ್ರಲ್ಲ, ಆ ಧೂಳು ಯಾವ ರಸ್ತೇದು? ಮೊದಲೇ ಹೋಗಿದ್ರೆ ನನಗೆ ಈ ಗತಿ ಬರ್ತಿತ್ತಾ? ನಿಮಗೆ ಕತ್ತಲೆ ಅಂತೀರಿ, ನನಗೆ ಹೆದ್ರಿಕೆ ಆಗಲ್ವಾ? ನೀವು ನನ್ನನ್ನ ನೋಡದೇ ಹೋದ್ರೆ ನಾನು ಯಾರಿಗೆ ಕಾಣ್ಬೇಕು? ಮತ್ತೆ ಕಣ್ಣು ಸರಿಯಾಗಿದ್ದಾಗ ಮಾತ್ರ ಗೂಟ ಕಾಣಿಸ್ತಿತ್ತಾ? ಮದುವೆ ಆದಾಗಿಂದ ಆ ಗೂಟ ಅಲ್ಲೇ ಇದೆ, ಬದನೆಕಾಯಿ ಹಾಗೆ!”

“ಗೂಟ ಅಷ್ಟು ಮೇಲೆ ಹೊಡೆಸಿದ್ದು ಯಾರು?”

“ಮೇಲೆ! ಆರಡಿ ಆಳು, ಮೇಲಂತೆ! ನನಗೆ ಎಟುಕುತ್ತೆ, ಇವರಿಗೆ ಎಟುಕಲ್ಲ!”

“ಎಟುಕುತ್ತೆ, ಆದ್ರೆ ಅಲ್ಲಿ ನಿನ್ನ ಸೀರೆ ನೇತಾಕಿರ್ತೀಯ!”

“ಒಂದು ಸೀರೆ ಪಕ್ಕಕ್ಕೆ ಸರಿಸೋಕೆ ಆಗಲ್ವಾ? ಉಪ್ಪಿನಕಾಯಿ ಮುಚ್ಚಳ ತಿರುಗಿಸೋಕೂ ಆಗಲ್ಲ, ನಿಮ್ಮ ಕೈಗೆ ಏನಾಗಿದೆ? ಕಣ್ಣಿಗೆ ಮಂಜು ಬಂದಿದೆ, ಕೈಗೂ ಬಂತಾ?”

ಎಷ್ಟು ಹೊತ್ತು ಹೀಗೆ ನಡೆಯಿತೋ ಗೊತ್ತಿಲ್ಲ. ನನ್ನ ತಮ್ಮನ ಸೋಮಾರಿತನದಿಂದ ಅವರ ಗೊರಕೆಗೆ ಹೋದೆವು, ಗೊರಕೆಯಿಂದ ಯಾವುದೋ ಮದುವೆ ಮನೆಯಲ್ಲಿ ಕಳೆದ ಕೊಡೆಗೆ. ಮಧ್ಯೆ ನಾನು ಅಳುತ್ತಿದ್ದೆ, ಅವರೂ ಅಳುತ್ತಿದ್ದರು. ಆದರೆ ಒಬ್ಬರೂ ಬಿಟ್ಟುಕೊಡಲಿಲ್ಲ. ಏನು ಹಗುರವಾಯಿತು ಅಂತೀರಿ ಮೈ! ಕೊನೆಗೆ ಅವರು ಏದುಸಿರು ಬಿಡುತ್ತಾ, “ಆ ಮೂರು ಮನೆ ನಡೆಸು, ನನ್ನ ಆಟ ಇನ್ನೂ ಇದೆ” ಅಂದರು. ನಡೆಸಿದೆ. ಮರು ಎಸೆತದಲ್ಲಿ ಅವರ ಕಾಯನ್ನು ಕಡಿದೇಬಿಟ್ಟೆ, ನ್ಯಾಯವಾಗಿ. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ಪಾಪಿ” ಅಂದರು. ಆ ಮಾತು ಕೇಳಿ ನನಗೆ ಎಷ್ಟು ಸಂತೋಷವಾಯಿತು ಅಂದರೆ ಎದ್ದು ಹೋಗಿ ಅವರ ತಲೆ ನೇವರಿಸೋಣ ಅನ್ನಿಸಿತು. ಜಾಡಿಗಳ ನೆನಪಾಗಿ ಕೈ ಕಟ್ಟಿ ಕೂತೆ.

ಬಾಗಿಲು ತಳ್ಳಿಕೊಂಡು ಮೇಡಂ ಬಂದರು. ಕೈಯಲ್ಲಿ ಮಜ್ಜಿಗೆ ಚೊಂಬು ತಂದವರು ಅದನ್ನು ಕೊಡುವುದನ್ನೇ ಮರೆತು ಕಪಾಟಿನ ಮುಂದೆ ನಿಂತುಬಿಟ್ಟರು. ಮೋಡದ ಬೆಳಕಿನಲ್ಲೂ ಮೇಲಿನ ಸಾಲು, ಕೆಳಗಿನ ಸಾಲು, ಎಲ್ಲ ಜಾಡಿಯೂ ತುಪ್ಪದ ಬಣ್ಣ. “ಹದ ಸಿಕ್ತು ನಂಜಕ್ಕ” ಅಂದರು. ನಮ್ಮನೆಯವರು, “ಮೊದಲು ಮಜ್ಜಿಗೆ ಕೊಡಮ್ಮ, ಬಾಯಾರಿ ಸಾಯ್ತಿದೀನಿ” ಅಂದರು. ಅವರು ಅರ್ಧ ಕುಡಿದು ಕೊಟ್ಟರು. ಉಳಿದದ್ದು ನಾನು ಕುಡಿದೆ.

ಹನಿ ಬಿಡುವುದು ಶುರುವಾಯಿತು. ಡಾಕ್ಟರು ಮೊದಲೇ ಹೇಳಿದ್ದ ಹಾಗೆ ಪೂರ್ತಿ ವಾಪಸ್ ಬರಲಿಲ್ಲ. ಈಗಲೂ ದೂರದವರ ಗುರುತು ಹತ್ತುವುದಿಲ್ಲ, ಮುಸ್ಸಂಜೆಯಲ್ಲಿ ಕಾಲು ತಡವರಿಸುತ್ತದೆ. ಹನಿ ನಿಲ್ಲಿಸುವ ಹಾಗೂ ಇಲ್ಲ, ತಾಜಾ ತಾಜಾ ಬೇಕು. ಆದರೆ ಮೊನ್ನೆ ಬೆಳಗ್ಗೆ ನಾನು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ಸ್ನಾನ ಮುಗಿಸಿ ಬಂದವರು ಪಕ್ಕದಲ್ಲಿ ಕೂತರು. ಕೈ ಚಾಚಿ ಮೊರದಿಂದ ಒಂದು ಕಲ್ಲು ಎತ್ತಿದರು. ಸಾಸಿವೆಯಷ್ಟಿತ್ತು. “ಇದನ್ನ ಬಿಟ್ಟುಬಿಟ್ಟಿದ್ಯಲ್ಲೇ” ಅಂದರು. ಆಮೇಲೆ ನನ್ನ ಸೆರಗು ಹಿಡಿದು, “ಇದು ನೇರಳೆ ಬಣ್ಣ ಅಲ್ವಾ? ಹಸಿರು ಅಂತ ಯಾಕೆ ಹೇಳ್ತಿದ್ದೆ?” ಅಂದರು. ಮೊರ ಅಲ್ಲೇ ಇಟ್ಟು ಒಳಗೆ ಬಂದೆ. ಒಂದು ಗಳಿಗೆ ಅತ್ತು ಹಗುರ ಮಾಡಿಕೊಳ್ಳೋಣ ಅಂತ ಮಂಚದ ಹತ್ತಿರ ಹೋದರೆ, ನೋಡುತ್ತೇನೆ, ಮಂಚದ ನಟ್ಟನಡುವೆ ಒದ್ದೆ ಟವೆಲ್ಲು. ಅಗಲವಾಗಿ, ಸುಕ್ಕಿಲ್ಲದ ಹಾಗೆ, ನಾಲ್ಕು ಮೂಲೆ ಎಳೆದು ಹಾಸಿದ್ದರು. ಬಾಗಿಲ ಹಿಂದೆ ಗೂಟ ಖಾಲಿ ಇತ್ತು. ನನ್ನ ಸೀರೆಯೂ ಅಲ್ಲಿರಲಿಲ್ಲ. ಅವರೇ ತೆಗೆದು ಮಡಿಸಿ ಪೆಟ್ಟಿಗೆಯ ಮೇಲಿಟ್ಟಿದ್ದರು.

ಸಾಸಿವೆಯಷ್ಟು ಕಲ್ಲು ಕಂಡವರಿಗೆ ಗೂಟ ಕಾಣುವುದಿಲ್ಲವೇ?

“ರೀ!” ಅಂತ ಕೂಗಿದೆ. ನನ್ನ ಕೂಗಿಗೆ ಸೂರಿನ ಗುಬ್ಬಚ್ಚಿ ಹಾರಿತು. ಜಗುಲಿಯಿಂದ ಅವರ ಧ್ವನಿ, ಚಪ್ಪಲಿ ಮೆಟ್ಟುವ ಸದ್ದಿನ ಜೊತೆಗೆ:

“ತಡ್ಕೋ ಕಣೇ, ತಡ್ಕೋ! ಇಲ್ಲೇ ಖರ್ಚು ಮಾಡ್ಬೇಡ, ಪಾಚಿಮನೆಗೆ ಹೋಗೋವರೆಗೂ ಬಿಸಿ ಆರಬಾರ್ದು!”

ನಾನು ತುಟಿ ಬಿಗಿಹಿಡಿದುಕೊಂಡೆ. ಒದ್ದೆ ಟವೆಲನ್ನು ಹಾಗೇ ಹೆಗಲ ಮೇಲೆ ಹಾಕಿಕೊಂಡು ಅವರ ಜೊತೆ ಹೊರಟೆ.